ಜಾಲರಿಯ ಮೂರು ಗಂಟು

ಕಾಗದದ ಕಂಪನಿಗೆ ಅರವತ್ತು ವರ್ಷ ತುಂಬುವುದರಿಂದ ಅದರ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದರು. ಮೊದಲ ದಿನದಿಂದ ಇದ್ದವರಲ್ಲಿ ಉಳಿದವನು ನಾನೊಬ್ಬನೇ. ಹಾಗಾಗಿ ಕಛೇರಿಯ ಹುಡುಗಿ ಕರಡಿನ ಕಟ್ಟು ಹಿಡಿದು ನನ್ನ ಮನೆಗೇ ಬಂದಳು. ನನ್ನ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ, ಗೋಡೆ ಹಿಡಿದು ಆಗತಾನೆ ಎದ್ದಿದ್ದೆ.

"ಓದ್ತೀನಿ ತಾತ. ಎಲ್ಲ ಸರಿ ಇದ್ರೆ ಕೊನೇಲಿ ಒಂದು ಸಹಿ ಹಾಕ್ಬಿಡಿ. ನಿಮ್ಮ ಸಹಿ ಇಲ್ದೆ ಅಚ್ಚಿಗೆ ಕಳಿಸ್ಬೇಡ ಅಂದಿದ್ದಾರೆ ಚಿಕ್ಕ ಯಜಮಾನರು."

ಅವಳು ಓದಿದಳು. ತಗಡಿನ ಒಂದು ಕೊಟ್ಟಿಗೆ, ಒಂದು ತೊಟ್ಟಿ, ಒಂಬತ್ತು ಜನ. ಹರಕು ಬಟ್ಟೆ ಕೊಳೆಸಿ, ಜಜ್ಜಿ, ಆ ತಿರುಳನ್ನು ತಂತಿ ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಒಂದೊಂದೇ ಹಾಳೆ ಮಾಡಿದ ಕಾಲ. ಏಳನೆಯ ವರ್ಷ ಮೊದಲ ಯಂತ್ರ. ಇಪ್ಪತ್ತನೆಯ ವರ್ಷ ಎರಡನೆಯದು. ಅದರ ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳುತ್ತಿರಲಿಲ್ಲ. ಈಗ ಮೂರು ಪಾಳಿ, ನಾನೂರು ಜನ. ಎಲ್ಲವೂ ನಿಜವೇ. ನಾನು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದೆ.

"'ಒಂದು ಸಂಜೆ ಯಜಮಾನರು ಆಕಾಶದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಕಂಡು, ಅವನ್ನೇ ನಮ್ಮ ಕಾಗದದ ಗುರುತಾಗಿಸಿದರು. ಇಪ್ಪತ್ತೈದನೆಯ ವರ್ಷದ ಸಭೆಯಲ್ಲಿ ನಮ್ಮ ಹಿರಿಯ ಮೇಸ್ತ್ರಿಗಳೇ ಇದನ್ನು ನೆನೆದಿದ್ದಾರೆ.'"

ಹಿರಿಯ ಮೇಸ್ತ್ರಿ ಎಂದರೆ ನಾನು.

"ಅದು ಸುಳ್ಳು ಕಣಮ್ಮ."

"ಹೇಳಿದ್ದು ನೀವೇ ಅಲ್ವಾ?"

"ನಾನೇ. ಸುಳ್ಳನ್ನ ಹೇಳೋಕೆ ಯಾರಾದ್ರೂ ಬೇಕಲ್ಲ."

ನಡೆದದ್ದನ್ನು ಹೇಳಿದೆ. ಎರಡನೆಯ ವರ್ಷ ನನ್ನ ಕೈತಪ್ಪಿ ಚೌಕಟ್ಟು ಬಿದ್ದು ಜಾಲರಿ ಹರಿಯಿತು. ಬೇರೆ ಜಾಲರಿ ತರಿಸಲು ತಿಂಗಳಾಗುತ್ತಿತ್ತು. ನನ್ನ ಹೆಂಡತಿ ಹಳೆಬಟ್ಟೆಯ ಕೋಣೆಯಲ್ಲಿ ಗುಂಡಿ ಕತ್ತರಿಸುವ ಕೆಲಸದಲ್ಲಿದ್ದಳು, ದರ್ಜಿಯ ಮಗಳು. ಸಣ್ಣ ತಂತಿ ತೆಗೆದುಕೊಂಡು ಹರಿದಲ್ಲಿ ಹೊಲಿದಳು. ಕೊನೆಗೆ ಹೊಲಿಗೆ ಬಿಚ್ಚದಿರಲೆಂದು, ಅಪ್ಪ ಕಲಿಸಿದ್ದ ಅಭ್ಯಾಸದಂತೆ ಸಾಲಾಗಿ ಮೂರು ಗಂಟು ಹಾಕಿದಳು. ಬಟ್ಟೆಯಾದರೆ ಗಂಟು ಒಳಮೈಗೆ ಹೋಗಿ ಮರೆಯಾಗುತ್ತದೆ. ಜಾಲರಿಗೆ ಒಳಮೈ ಎಲ್ಲಿದೆ? ಗಂಟಿದ್ದಲ್ಲಿ ತಿರುಳು ತೆಳುವಾಗಿ, ಬೆಳಕಿಗೆ ಹಿಡಿದ ಪ್ರತಿ ಹಾಳೆಯಲ್ಲೂ ಮೂರು ಚುಕ್ಕೆ ಕಂಡವು. ಯಜಮಾನರು ಅವಳನ್ನು ಬಾಯಿಗೆ ಬಂದಂತೆ ಬೈದರು. ಆದರೆ ಕೊಂಡವರು ಮುಂದಿನ ಸಲ "ಆ ಮೂರು ಚುಕ್ಕೆಯದ್ದೇ ಕೊಡಿ" ಎಂದರು. ಯಂತ್ರ ಬಂದಾಗ ಅದರ ಉರುಳೆಗೂ ಮೂರು ಗಂಟು ಕೂಡಿಸಿದೆವು.

"ಮತ್ತೆ ನಕ್ಷತ್ರ?"

"ಸಭೆಗೆ ದೊಡ್ಡವರೆಲ್ಲ ಬಂದಿದ್ರು. ಹರಕು ಜಾಲರಿ ಕತೆ ಚೆನ್ನಾಗಿರಲ್ಲ ಅಂದ್ರು ಯಜಮಾನರು. ಹೊಸದಾಗಿ ಮೇಸ್ತ್ರಿ ಮಾಡಿದ್ರು ನನ್ನ. ಹೇಳಿಬಿಟ್ಟೆ."

ನನ್ನ ಹೆಂಡತಿ ಅಂದು ಮೂರನೆಯ ಸಾಲಿನಲ್ಲಿ ಕುಳಿತು ಕೇಳಿದ್ದಳು. ಮನೆಗೆ ಬಂದು ತಟ್ಟೆ ಇಡುತ್ತಾ, "ಅಷ್ಟು ಎತ್ತರದಿಂದ ನಕ್ಷತ್ರ ಕಿತ್ತು ತಂದ್ರಲ್ಲ, ಬೆರಳಿಗೆ ಚುಚ್ಚಲಿಲ್ವಾ?" ಎಂದಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಒಂದು ದಿನ ಸರಿಪಡಿಸಿದರಾಯಿತು ಎಂದುಕೊಂಡೇ ಮೂವತ್ತೈದು ವರ್ಷ ಕಳೆದೆ. ದೇವರ ಮುಂದೆ ದಿನವೂ ಒಪ್ಪಿಕೊಂಡೆ. ಅವಳ ಮುಂದೆ ಒಪ್ಪಿಕೊಳ್ಳಲಿಲ್ಲ.

"ತಾತ, ಮುಖಪುಟದಲ್ಲೇ ನಕ್ಷತ್ರ ಇದೆ. ಚಿಕ್ಕ ಯಜಮಾನರು ಒಪ್ಪಲ್ಲ."

"ಅವರ ನಕ್ಷತ್ರ ಅವರಿಗಿರಲಿ. ನನ್ನ ಮಾತನ್ನ ನಾನು ವಾಪಸ್ ತಗೋಬಹುದಲ್ಲ?" ಪೆನ್ನು ಇಸಿದುಕೊಂಡು, ಮೇಸ್ತ್ರಿ ನೆನೆದ ಸಾಲನ್ನು ಹೊಡೆದು ಹಾಕಿದೆ. "ಇಲ್ಲಿ ಜಾಲರಿ ಹೊಲಿದವಳನ್ನ ಬರಿ. ಆಮೇಲೆ ಸಹಿ."

ಅವಳು ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದಳು. "ಇದಕ್ಕೆ ಸಾಕ್ಷಿ ಏನಿದೆ ಅಂತ ಕೇಳ್ತಾರೆ."

ಅಡುಗೆಮನೆಗೆ ಹೋಗಿ ಹಿಟ್ಟಿನ ಜರಡಿ ತಂದುಕೊಟ್ಟೆ. ಹಳೆಯ ಜಾಲರಿಯನ್ನು ಕಂಪನಿ ಎಸೆದಾಗ ನನ್ನ ಹೆಂಡತಿ ಹೊಲಿಗೆಯಿದ್ದ ಭಾಗ ಕತ್ತರಿಸಿ ತಂದು, ಜರಡಿಗೆ ಕಟ್ಟಿಸಿದ್ದಳು. ಹುಡುಗಿ ಅದನ್ನು ಕಿಟಕಿಗೆ ಹಿಡಿದು, ಗಂಟುಗಳ ಮೇಲೆ ಬೆರಳಾಡಿಸಿದಳು. ಅವಳ ಬಟ್ಟೆಯ ಮೇಲೆ ಹಿಟ್ಟುದುರಿತು. ಫೋಟೋ ತೆಗೆದು ಕಳಿಸಿ, ಇಬ್ಬರೂ ಕಾದೆವು.

"ಮುಖಪುಟ ಬದಲಾಗಲ್ವಂತೆ. ಒಳಗೆ ನಿಮ್ಮ ಸಾಲು ಹಾಕ್ತಾರಂತೆ. ಎರಡೇ ಸಾಲು."

"ಅಷ್ಟು ಸಾಕು."

ಅವಳು ಬರೆದಳು. ಎರಡು ಸಲ ಓದಿಸಿಕೊಂಡು, ಸಹಿ ಹಾಕಿದೆ.

"ಈ ಜರಡಿ ಕೊಡ್ತೀರಾ ತಾತ? ಕಛೇರೀಲಿ ಗಾಜಿನ ಪೆಟ್ಟಿಗೇಲಿ ಇಡಬಹುದು."

"ಬೇಡಮ್ಮ," ಎಂದೆ. "ಬೆಳಿಗ್ಗೆ ಹಿಟ್ಟು ಜರಡಿ ಹಿಡೀಬೇಕು. ಈಗ ನಾನೇ ಅಲ್ವಾ ಮಾಡ್ಕೋಬೇಕು."