ಹಳೇ ಗ್ಯಾಸು

ಸ್ಪ್ಯಾನರ್ ಅರ್ಧ ಸುತ್ತು ತಿರುಗಿದ ಮೇಲೆಯೇ ಪ್ರಭುಸ್ವಾಮಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಎ.ಸಿ.ಯ ಔಟ್‌ಡೋರ್ ಯೂನಿಟ್ಟಿನಿಂದ ಗ್ಯಾಸು ಸುಯ್ಯೆಂದು ಹೊರಟಿತು. ಐದಾರು ಸೆಕೆಂಡಿನಲ್ಲಿ ನಟ್ಟು ಬಿಗಿದು ಹಿಂದಕ್ಕೆ ನೋಡಿದ. ಪರೀಕ್ಷೆ ಮಾಡಲು ಬಂದಿದ್ದ ಮೈತ್ರೇಯಿ ದೂರದಲ್ಲಿ, ಬಾಗಿಲ ಬಳಿ, ಯಾರದೋ ಹಾಜರಿ ಬರೆದುಕೊಳ್ಳುತ್ತಿದ್ದಳು. ಅವಳು ನೋಡಿರಲಿಲ್ಲ.

ಹಿನಕಲ್‌ನಲ್ಲಿ ಅವನ ಫ್ರಿಜ್ಜು, ಎ.ಸಿ. ರಿಪೇರಿ ಅಂಗಡಿಗೆ ಇಪ್ಪತ್ತೊಂಬತ್ತು ವರ್ಷ. ಹಳೇ ಗ್ಯಾಸು ಬಿಟ್ಟು ಹೊಸದು ತುಂಬುವುದರಲ್ಲಿ ಪ್ರಭುಸ್ವಾಮಿಯದು ಬಲು ಚೊಕ್ಕ ಕೈ ಎಂದು ಹೆಸರು. ಗಿರಾಕಿಗಳ ಮನೆಯೊಳಗೆ ಎಂದೂ ಬಿಟ್ಟವನಲ್ಲ. ಪೈಪು ಹಾಕಿ ಕಿಟಕಿಯಾಚೆಗೇ ಬಿಡುತ್ತಿದ್ದ. ಆಚೆ ಬಿಟ್ಟರೆ ತೀರಿತು ಎಂದೇ ನಂಬಿದ್ದ. ಈಗ ಹೂಟಗಳ್ಳಿಯ ಕಾರ್ಖಾನೆಯವರು, ಸರ್ಟಿಫಿಕೇಟ್ ಇಲ್ಲದವರಿಗೆ ಎ.ಸಿ. ಕೆಲಸ ಕೊಡುವುದಿಲ್ಲ ಎಂದುಬಿಟ್ಟಿದ್ದರು. ಅಂಗಡಿ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಹಾಗಾಗಿ ಐವತ್ತಾರರ ಈ ಮನುಷ್ಯ ಮೂರು ದಿನ ತರಬೇತಿ ಕೇಂದ್ರದ ಬೆಂಚಿನ ಮೇಲೆ ಕೂತು ಪಾಠ ಕೇಳಿದ್ದ.

ಪಾಠ ತಲೆಗೆ ಹತ್ತದೆ ಏನೂ ಇರಲಿಲ್ಲ. ಬೆಳಿಗ್ಗೆ ಮೈತ್ರೇಯಿ ಕೇಳಿದಾಗ ಪಟಪಟನೆ ಹೇಳಿದ್ದ. ಇಂಥ ಗ್ಯಾಸು ಸೇರಿದ ಗಾಳಿ ದಾಟಿ ಬಿಸಿಲು ಭೂಮಿಗೆ ಬರುತ್ತದೆ, ಶಾಖ ಹೊರಗೆ ಹೋಗಲಾರದು, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಹಾಗೆ. ಈ ಗ್ಯಾಸು ಒಂದು ಕೇಜಿ ಗಾಳಿಗೆ ಸೇರಿದರೆ ಎರಡು ಸಾವಿರ ಕೇಜಿ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿದಿಡುತ್ತದೆ. ಆದ್ದರಿಂದ ಬಿಡಬಾರದು, ಯಂತ್ರ ಹಚ್ಚಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಎಲ್ಲ ಸರಿ, ಕೈಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ.

ಉಳಿದದ್ದನ್ನು ಯಂತ್ರ ಹಚ್ಚಿ ಎಳೆದ. ಮೈತ್ರೇಯಿ ಬಂದು ಸಿಲಿಂಡರನ್ನು ತೂಕಕ್ಕಿಟ್ಟಳು. ಒಂದು ಕೇಜಿ ಬರಬೇಕಾದಲ್ಲಿ ಎಂಟುನೂರ ಇಪ್ಪತ್ತು ಗ್ರಾಂ ಬಂದಿತ್ತು.

"ಹಳೇ ಯೂನಿಟ್ಟು. ಮೊದಲೇ ಲೀಕ್ ಆಗಿತ್ತೇನೋ, ಅಲ್ವಾ ಸರ್?" ಎಂದಳು ಅವನ ನರೆಗೂದಲು ನೋಡುತ್ತ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಬಸಮ್ಮ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಸರ್ಟಿಫಿಕೇಟ್ ನೇತುಹಾಕಲು ಮೊಳೆಯನ್ನೂ ಹೊಡೆಸಿದ್ದಳು. ಆದರೆ ಪ್ರಭುಸ್ವಾಮಿಗೆ ಇಷ್ಟು ವರ್ಷದ ಕಿಟಕಿಗಳೆಲ್ಲ ಒಟ್ಟಿಗೆ ನೆನಪಾಗಿ ಬಹಳ ನಾಚಿಕೆಯಾಯಿತು.

"ಇಲ್ಲ ಮೇಡಂ, ತುಂಬ್ಕೊಂಡೇ ಇತ್ತು. ನಾನೇ ಬುಟ್ಟೆ. ಬರ್ಕೊಳಿ."

ಗ್ಯಾಸು ಗಾಳಿಗೆ ಬಿಟ್ಟವರು ಫೇಲು. ಅವಳು ಹಾಗೆಂದೇ ಬರೆದಳು. ಮತ್ತೆ ಪರೀಕ್ಷೆ ಇನ್ನು ಮೂರು ತಿಂಗಳಿಗೆ. ಕಾರ್ಖಾನೆಯವರು ಕೆಲಸ ಹಂಚುವುದು ಬರುವ ವಾರ.

ಮುಂದಿನ ಸರದಿ ಶಿವಕಿರಣ್‌ನದು. ಎಂಟು ವರ್ಷ ಪ್ರಭುಸ್ವಾಮಿಯ ಕೈಕೆಳಗೆ ಕಲಿತು, ಈಗ ರಾಮಕೃಷ್ಣನಗರದಲ್ಲಿ ಸ್ವಂತ ಅಂಗಡಿ ಇಟ್ಟವನು. ಅದೇ ಕಾರ್ಖಾನೆಯ ಕೆಲಸಕ್ಕೆ ಅವನೂ ಅರ್ಜಿ ಹಾಕಿದ್ದ. ಪಕ್ಕದ ಯೂನಿಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಗೆ ಬಟ್ಟೆ ಸುತ್ತಿಕೊಂಡು, ನಟ್ಟಿಗೆ ಸ್ಪ್ಯಾನರ್ ಕೊಟ್ಟ.

ಬಾಗಿಲವರೆಗೆ ಹೋಗಿದ್ದ ಪ್ರಭುಸ್ವಾಮಿ ಅದನ್ನು ನೋಡಿ ನಿಂತ.

"ಕಿರಣ, ನಾ ಹೇಳ್ಕೊಟ್ಟಂಗೆ ಮಾಡ್ಬೇಡ ಕಣೋ."

ಪರೀಕ್ಷೆಯ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಮೈತ್ರೇಯಿ ತಲೆಯೆತ್ತಿ ನೋಡಿ, ಮತ್ತೆ ತನ್ನ ಹಾಳೆಯ ಕಡೆಗೆ ತಿರುಗಿದಳು. ಶಿವಕಿರಣ್ ತನ್ನ ಕೈಯನ್ನೇ ಒಂದು ಗಳಿಗೆ ನೋಡಿಕೊಂಡು, ಸ್ಪ್ಯಾನರನ್ನು ನೆಲಕ್ಕಿಟ್ಟು, ಯಂತ್ರದ ಪೈಪನ್ನು ಹತ್ತಿರಕ್ಕೆ ಎಳೆದುಕೊಂಡ.