ಬರೀ ಬೆಳಕಿನ ಫೋಟೋ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿದೆ. ಆದರೆ ಮಡಿವಾಳಪ್ಪನವರಂಥ ಗಿರಾಕಿ ಸಿಕ್ಕಿದ್ದರೆ ನಿಮಗೂ ಬರುತ್ತಿತ್ತು. ಅವರು ಮದುಮಗನ ಸೋದರಮಾವ. ಬಾಗೇವಾಡಿ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಮಾಳಿಗೆಯಲ್ಲಿ ರಿಸೆಪ್ಶನ್ ಇಡಬೇಕೆಂದು ಹಟ ಹಿಡಿದವರು ಅವರೇ. ಎಪ್ಪತ್ನಾಲ್ಕರಲ್ಲಿ ರಿಸೆಪ್ಶನ್ ಎಂದರೇನೆಂದು ನಮ್ಮ ಕಡೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬರುವುದು, ಆಯೇರಿಯ ಉಡುಗೊರೆ ಕೊಡುವುದು, ಫೋಟೋ ತೆಗೆಸಿಕೊಳ್ಳುವುದು, ಕೆಳಗಿಳಿದು ಚೂಡಾ ತಿಂದು ಚಹಾ ಕುಡಿಯುವುದು ಎಂದು ಅವರೇ ಎಲ್ಲರಿಗೂ ಬಿಡಿಸಿ ಹೇಳಿದರು. ಹೇಳಿ, ದೊಡ್ಡವರ ಪ್ರತಿ ಫೋಟೋಕ್ಕೂ ತಾವೇ ಬಂದು ನಡುವೆ ನಿಂತರು.

ವಿಜಾಪುರದಲ್ಲೂ ಕ್ಯಾಮೆರಾದ ರೋಲು ಸಿಗದ ದಿನಗಳವು. ನನ್ನ ಹತ್ತಿರ ಇದ್ದದ್ದು ಒಂದೇ, ಹನ್ನೆರಡು ಫೋಟೋದ್ದು. ಸಾಲಿನಲ್ಲಿ ನೂರು ಮಂದಿ. ಒಬ್ಬೊಬ್ಬರೂ ತಾವು ತಂದ ಸ್ಟೀಲಿನ ಕೊಡ ಫೋಟೋದಲ್ಲಿ ಕಾಣಲೇಬೇಕೆಂದು ಮದುಮಗಳ ಮುಖಕ್ಕೇ ಅಡ್ಡ ಹಿಡಿಯುತ್ತಿದ್ದರು. ಇಂಥ ಹೊತ್ತಿಗೆಂದೇ ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಪ್ರತಿ ಫೋಟೋಕ್ಕೂ ಮೊದಲು ಕ್ಯಾಮೆರಾದ ಬದಿಯ ಗುಂಡಿ ತಿರುವಿ ರೋಲು ಮುಂದೆ ಸರಿಸಬೇಕು. ತಿರುವದೆ ಬರೀ ಫ್ಲ್ಯಾಶ್ ಹೊಡೆದರೆ ಬೆಳಕು ಬೀಳುತ್ತದೆ, ಫೋಟೋ ಬೀಳುವುದಿಲ್ಲ. ದೊಡ್ಡವರಿಗೆ ಗುಂಡಿ ತಿರುವಿದೆ, ಉಳಿದವರಿಗೆ ಬರೀ ಬೆಳಕು. ಎಲ್ಲರೂ ಖುಷಿಯಿಂದಲೇ ಚೂಡಾ ತಿನ್ನಲು ಇಳಿದರು.

ಕೊನೆಕೊನೆಗೆ ಒಬ್ಬ ಮುದುಕಿ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಳೆಯ ಹಿತ್ತಾಳೆ ಬಟ್ಟಲು. ಬಟ್ಟಲನ್ನು ಮದುಮಗಳ ಕೈಗಿಟ್ಟು, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಳು. ಯಾರ ಮನೆಯ ಆಳೋ ಎಂದುಕೊಂಡು ಬರೀ ಬೆಳಕು ಹೊಡೆದೆ. ಮುದುಕಿ ನನ್ನ ಕೈ ನೋಡಿದಳು, ಮುಖ ನೋಡಿದಳು, ಏನೂ ಅನ್ನದೆ ಇಳಿದುಹೋದಳು.

ಹನ್ನೊಂದು ಮುಗಿದಿದ್ದವು. ಕೊನೆಯದೊಂದು ಮಡಿವಾಳಪ್ಪನವರ ಮನೆಮಂದಿಗೆಂದು ಮೀಸಲು. ಅವರು ಕನ್ನಡಿಯ ಮುಂದೆ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದಾಗ ಮದುಮಗಳು ಸುಮಿತ್ರಾ ನನ್ನನ್ನು ಹತ್ತಿರ ಕರೆದಳು.

“ಶಮಶುದ್ದೀನಣ್ಣಾರ, ನಮ್ಮ ರೇವವ್ವಾಯಿ ಫೋಟೋ ಚಲೋ ಬರ್ತೈತಲ್ರಿ?”

“ಯಾವ ರೇವವ್ವ?”

“ಕಂಬಳಿ ಹೊತ್ತಾಕಿರಿ. ನಾ ಹುಟ್ಟಿದ ದಿನಾನ ನಮ್ಮವ್ವ ತೀರಿಕೊಂಡ್ಳು. ಆಯಿನ ಈ ಬಟ್ಟಲದಾಗ ಆಡಿನ ಹಾಲು ಕುಡಿಸಿ ನನ್ನ ಬೆಳಿಸ್ಯಾಳ. ನಾಳಿ ನಾ ಸೊಲ್ಲಾಪುರಕ್ಕ ಹೋಗ್ತೇನಿ. ಉಳಿದ ಫೋಟೋ ಯಾರರ ಇಟ್ಕೊಳ್ಳಿ, ನನಗ ಅದೊಂದ ಸಾಕ್ರಿ.”

ರೋಲು ಕೆಟ್ಟಿತು ಎಂದು ಆಮೇಲೆ ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ.

“ಬರೂದಿಲ್ಲವ್ವಾ, ನಾ ತೆಗದೇ ಇಲ್ಲ. ತಪ್ಪು ನಂದೈತಿ. ಈಗ ಆಕಿ ಎಲ್ಲಿ ಅದಾಳ?”

“ಗೊಳಸಂಗಿ ಬಸ್ಸಿಗೆ ಹೋದ್ಳಲ್ರಿ” ಎನ್ನುತ್ತಲೇ ಅವಳು ಬಟ್ಟಲು ಹಿಡಿದು, ರೇಶ್ಮೆ ಸೀರೆ ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟಳು. ಹಿಂದೆ ನಾನು. ನನ್ನ ಹಿಂದೆ ಅರ್ಧ ಸುತ್ತಿದ ರುಮಾಲಿನ ಮಡಿವಾಳಪ್ಪನವರು.

“ಏ ಶಮಶುದ್ದೀನ, ನಮ್ದೊಂದು ಬಾಕಿ ಐತೋ.”

“ನಿಮ್ದು ಹನ್ನೊಂದರಾಗೂ ಐತ್ರಿ ಸಾವಕಾರ್ರ” ಎಂದೆ. ಅಂದು ನನ್ನ ಸಿಟ್ಟು ಒಂದು ಒಳ್ಳೆಯ ಕೆಲಸಕ್ಕೆ ಬಂತು.

ಬಸ್ಸು ಆಗಲೇ ಗುರ್ರೆನ್ನುತ್ತಿತ್ತು. ರೇವವ್ವಾಯಿ ಕಿಟಕಿಯ ಬದಿಗೆ ಕುಳಿತಿದ್ದಳು. ಸುಮಿತ್ರಾ ಕೆಳಗಿಂದ ಅವಳ ಕೈ ಹಿಡಿದುಕೊಂಡಳು. ಮದುಮಗಳನ್ನು ಕಂಡು ಡ್ರೈವರ್ ತಾನಾಗಿಯೇ ಬಸ್ಸು ಬಂದ್ ಮಾಡಿದ.

“ಆಗಿಂದು ಚಲೋ ಬೀಳಲಿಲ್ಲ ಆಯಿ, ಇನ್ನೊಂದು ತೆಗಿತೇನಿ” ಎಂದೆ. ಮುದುಕಿಯ ಮುಂದೆ ಮಾತ್ರ ಸುಳ್ಳು ಸಲೀಸಾಗಿ ಬಂತು.

ಅವಳು ನಕ್ಕಳು. “ಸಾಲಿನ್ಯಾಗ ನಿಂತು ನೋಡಾಕತ್ತಿದ್ದೆ ತಮ್ಮಾ. ರುಮಾಲಿನವ್ರು ಬಂದಾಗೆಲ್ಲಾ ಆ ಡಬ್ಬಿ ಕಿವಿ ಹಿಂಡಿದಿ. ನಾ ಬಂದಾಗ ಹಿಂಡಲಿಲ್ಲ.”

“ಮತ್ತ ಆಗ ಯಾಕ ಅನ್ನಲಿಲ್ಲ?”

“ಅಷ್ಟು ಮಂದ್ಯಾಗ ನಿನ್ನ ಮಾನ ಯಾಕ ಕಳೀಲಿ? ನೀನೂ ನನ್ನ ಮಗಳ ಮದುವಿಗೆ ಬಂದಾಂವ.”

ಕ್ಯಾಮೆರಾವನ್ನು ಅವಳ ಕಿಟಕಿಯ ತನಕ ಎತ್ತಿ ಹಿಡಿದು, ಅವಳಿಗೆ ಕಾಣುವ ಹಾಗೆ, ನಿಧಾನವಾಗಿ ಗುಂಡಿ ತಿರುವಿದೆ.

ಅವಳು ಬಗ್ಗಿ ನೋಡಿದಳು. “ಹಾಂ, ಈಗ ಹಿಂಡಿದಿ” ಎಂದು ಸುಮಿತ್ರಾಳ ತಲೆಯ ಮೇಲೆ ಕೈಯಿಟ್ಟು, ಮತ್ತೆ ಉಸಿರು ಬಿಗಿಹಿಡಿದಳು.