ನಾಲಿಗೆಯ ಕೆಳಗೆ ಎರಡು ಹನಿ

ಹೇಮಾವತಿಗೆ ಒಂದು ಚಟವಿತ್ತು. ಎಲೆ ಅಡಿಕೆಯದಲ್ಲ, ಡಾಕ್ಟರಮ್ಮ ಎನಿಸಿಕೊಳ್ಳುವ ಚಟ. ಕನಕಗಿರಿ ಹತ್ತಿರದ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಅವಳು ನರ್ಸು. ಕೂಸುಗಳಿಗೆ ಚುಚ್ಚುಮದ್ದು ಹಾಕುವುದು, ಬಸುರಿಯರ ತೂಕ ನೋಡುವುದು ಅವಳ ಕೆಲಸ. ಆದರೆ ಯಾರಾದರೂ ಮೊಣಕಾಲು ತೋರಿಸಿ "ಡಾಕ್ಟರವ್ವಾ, ಏನರ ಕೊಡು" ಎಂದರೆ ಸಾಕು, ಮಹಾತಾಯಿ ಉಬ್ಬಿಹೋಗುತ್ತಿದ್ದಳು. ನಾನು ಡಾಕ್ಟರಲ್ಲ ಎಂದು ಹೇಳಲು ಅವಳಿಗೆ ಬಾಯೇ ಬರುತ್ತಿರಲಿಲ್ಲ.

ಆ ಚಟಕ್ಕೆ ಸರಿಯಾಗಿ ಸಹನಾ ಸಿಕ್ಕಳು. ಜೊತೆಗೆ ಓದಿದವಳು, ಈಗ ಗಂಗಾವತಿಯಲ್ಲಿ ವೆಲ್‌ನೆಸ್ ಎಂದು ಬೋರ್ಡು ಹಾಕಿ ಅಂಗಡಿ ಇಟ್ಟಿದ್ದಳು. ಕಪಾಟಿನ ತುಂಬ ಸಣ್ಣ ಸಣ್ಣ ಬಾಟಲಿಗಳು. ಅವುಗಳ ಮೇಲೆ ಬೆರಳು ಚಾಚಿದಂಥ ಒಂದು ಎಲೆಯ ಚಿತ್ರ, ಓದಲು ಬಾರದ ಭಾಷೆ, ಕೆಳಗೊಂದು ಮುದ್ರೆ.

"ಇದು ಗಾಂಜಾ ಎಣ್ಣಿ ಅಲ್ಲೇನ?" ಎಂದು ಹೇಮಾವತಿ ಕೇಳಿಯೇ ಕೇಳಿದ್ದಳು.

"ಗಾಂಜಾ ಅನಬ್ಯಾಡ, ಹೆಂಪ್ ಅನ್ನು. ಕೊಲಂಬಿಯಾ ದೇಶದ್ದು. ಅಲ್ಲಿ ಸರ್ಕಾರನ ಸಿಕ್ಕಾ ಹೊಡದು ಬಿಡತೈತಿ. ನಾಲಿಗಿ ಕೆಳಗ ಎರಡು ಹನಿ ಹಾಕ್ಕೊಂಡ್ರ ಎಂಥಾ ನೋವಿದ್ರೂ ಹೋಗತೈತಿ" ಎಂದಳು ಸಹನಾ.

ನಮ್ಮ ದೇಶದ ಕಾಯಿದೆ ಏನನ್ನುತ್ತದೆ ಎಂದು ಹೇಮಾವತಿ ಕೇಳಬೇಕಿತ್ತು. ಕೇಳಲಿಲ್ಲ. ಸರ್ಕಾರಿ ಸಂಬಳದವಳಿಗೆ ಸರ್ಕಾರಿ ಮುದ್ರೆಯ ಮೇಲೆ, ಅದು ಯಾವ ಸರ್ಕಾರದ್ದೇ ಆಗಲಿ, ವಿಪರೀತ ನಂಬಿಕೆ. ಊರಿಗೆ ಬಂದು ಮುದ್ರೆ ತೋರಿಸಿ ತೋರಿಸಿ ಬಾಟಲಿ ಹಂಚಿದಳು. ಊರಿನವರೂ ಬೇಡವೆನ್ನಲಿಲ್ಲ. ಆದರೆ ನಮ್ಮ ಕಡೆ ಎಣ್ಣೆ ಔಷಧಿ ಎಂದರೆ ತಿಕ್ಕಿಕೊಳ್ಳುವುದಕ್ಕೆ. ನಾಲಿಗೆ ಎಂದು ಅವಳು ಎಷ್ಟು ಹೇಳಿದರೂ ಅವಳ ಅತ್ತೆ ಹೊಳಿಯಮ್ಮನಿಂದ ಹಿಡಿದು ಹೆಚ್ಚಿನವರು ಅದನ್ನು ಮೊಣಕಾಲಿಗೆ ತಿಕ್ಕಿ, ಮೇಲೆ ಬಿಸಿನೀರು ಹೊಯ್ದುಕೊಂಡು, ಹಾಯಾಗಿದ್ದರು.

ಮನೆಯಲ್ಲಿ ಅವಳ ಮಾತನ್ನು ಚಾಚೂ ತಪ್ಪದೆ ನಡೆಸಿದವನು ಮೈದುನ ಹನುಮೇಶ ಒಬ್ಬನೇ. ಟ್ರ್ಯಾಕ್ಟರ್ ಹೊಡೆದು ಸೊಂಟ ನೋಯುತ್ತಿತ್ತು. ಅತ್ತಿಗೆ ಹೇಳಿದಳೆಂದು ದಿನಾ ನಾಲಿಗೆಯ ಕೆಳಗೆ ಎರಡು ಹನಿ ಬಿಟ್ಟುಕೊಂಡ. ಅಷ್ಟರಲ್ಲಿ ಕೊಪ್ಪಳದ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಡ್ರೈವರ್ ಕೆಲಸಕ್ಕೆ ಕರೆ ಬಂತು. ಗಾಡಿ ಹೊಡೆದು ತೋರಿಸಿದ, ಪಾಸಾದ. ಆಮೇಲೆ ಮೂತ್ರ ಪರೀಕ್ಷೆ ಮಾಡಿದರು. ಗಾಂಜಾ ಅಂಶ ಸಿಕ್ಕಿತು, ಕೆಲಸ ತಪ್ಪಿತು.

ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಹೇಮಾವತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಾಟಲಿಗೆ ಮೊಬೈಲು ಹಿಡಿದಳು. ಮುದ್ರೆಯೊಳಗಿನ ಪರಭಾಷೆ ತೆರೆಯ ಮೇಲೆ ಕನ್ನಡವಾಯಿತು: ವೈದ್ಯರ ಚೀಟಿ ಇಲ್ಲದೆ ಯಾರಿಗೂ ಕೊಡತಕ್ಕದ್ದಲ್ಲ. ಇದನ್ನು ತೆಗೆದುಕೊಂಡವರು ವಾಹನ ಓಡಿಸಬಾರದು. ಆ ದೇಶದವರು ಎಚ್ಚರಿಕೆಗೆಂದು ಬರೆದದ್ದನ್ನೇ ಅವಳು ಹೆಮ್ಮೆಯಿಂದ ಊರಿಗೆಲ್ಲ ತೋರಿಸಿದ್ದಳು.

ಸಂಜೆ ಹನುಮೇಶ ಬಂದಾಗ ಮಾವ ದ್ಯಾವಪ್ಪ ದೇವರ ಜಗುಲಿಯ ಮೇಲಿನ ಹುಲಿಗೆಮ್ಮನ ಭಂಡಾರದ ತಟ್ಟೆ ತಂದು ಪಡಸಾಲೆಯಲ್ಲಿಟ್ಟ. ಆ ಅರಿಶಿನ ಮುಟ್ಟಿ ಸುಳ್ಳು ಹೇಳಿದವರು ಆ ಮನೆಯಲ್ಲಿ ಇರಲಿಲ್ಲ.

"ಭಂಡಾರ ಹಿಡಿ. ಗಾಂಜಾ ನನ್ನ ಬಾಯಿಗೆ ಹೋಗಿಲ್ಲ ಅನ್ನು. ನೀ ಅಂದಿ ಅಂದ್ರ ಜಗತ್ತು ಏನಂದ್ರೂ ನಾ ಕೇಳಂಗಿಲ್ಲ."

ಹನುಮೇಶನ ಕೈ ತಟ್ಟೆಯ ತನಕ ಹೋಗಿ ನಿಂತಿತು. ಅವನೊಮ್ಮೆ ಅತ್ತಿಗೆಯನ್ನು ನೋಡಿ ತಲೆ ತಗ್ಗಿಸಿದ. "ಆಣಿ ಮಾಡಾಕ ಬರಂಗಿಲ್ಲಪ್ಪ."

ಹೇಮಾವತಿಗೆ ಎಲ್ಲಾ ತಿಳಿದುಹೋಯಿತು. ಏನಾದರೂ ಔಷಧಿ ತಗೊಂಡಿದ್ದೀಯಾ ಎಂದು ಕಾರ್ಖಾನೆಯ ಡಾಕ್ಟರು ಕೇಳಿರಬೇಕು, ಆಗಲೇ ಇವನಿಗೆ ಹೊಳೆದಿರಬೇಕು. ಹೋಗಿಲ್ಲ ಎಂದರೆ ಆಣೆ ಸುಳ್ಳಾಗುತ್ತದೆ. ಹೋಗಿದೆ ಎಂದರೆ ಅವಳ ಹೆಸರು ಬರುತ್ತದೆ, ನೌಕರಿಗೆ ಕುತ್ತಾಗುತ್ತದೆ. ಹುಡುಗ ಅವಳನ್ನು ಉಳಿಸಿ ತಾನು ಕಳ್ಳನಾದ.

"ಹಂಗಾರ ನನ್ನ ಮುಂದ ನಿಂದ್ರಬ್ಯಾಡ" ಎಂದ ದ್ಯಾವಪ್ಪ. ಹನುಮೇಶ ಚಪ್ಪಲಿ ಮೆಟ್ಟಿಕೊಂಡು ಹೊರಟ. ಹೊಳಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೇಮಾವತಿಯ ಬಾಯಿ ಮಾತ್ರ ತೆರೆಯಲಿಲ್ಲ. ಅಷ್ಟೇ ಅಲ್ಲ, ಅವನು ಗುಡಿಯ ಕಟ್ಟೆಯ ಮೇಲೆ ಮಲಗಿದ್ದಾನೆಂದು ಗೊತ್ತಿದ್ದೂ ಅವಳು ಆ ಹೊತ್ತಿನ ರೊಟ್ಟಿ ತಿಂದಳು. ಇಂಥ ಹೆಂಗಸಿಗೆ ಊರು ಡಾಕ್ಟರವ್ವ ಎನ್ನುತ್ತಿತ್ತು.

ಬೆಳಿಗ್ಗೆ ಮಾವ ಅಂಗಳದಲ್ಲಿ ಮುಖ ತೊಳೆಯುತ್ತಿದ್ದಾಗ ಹೋಗಿ ನಿಂತಳು. "ಮಾವಾರ, ಹನುಮೇಶಂದು ತಪ್ಪಿಲ್ರಿ. ನಾ ಕೊಟ್ಟ ಎಣ್ಣ್ಯಾಗ ಗಾಂಜಾ ಇತ್ತರಿ."

ದ್ಯಾವಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಅವಳನ್ನು ಕರುಣೆಯಿಂದ ನೋಡಿದ. "ಅದಽ ಎಣ್ಣಿ ನಿಮ್ಮತ್ತಿ ದಿನಾ ಹಚ್ಚತಾಳಲ್ಲವಾ, ಆಕಿಗೆ ಏನಾಗೈತಿ? ಮೈದುನನ ಮಾನ ಉಳಸಾಕ ನಿನ್ನ ತಲಿ ಮ್ಯಾಲ ಹಾಕ್ಕೋಬ್ಯಾಡ." ಅಷ್ಟಕ್ಕೇ ನಿಲ್ಲದೆ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ನೋಡಽ, ಇಂಥಾ ಸೊಸಿ ಸಿಗಾಕ ಪುಣ್ಯಾ ಮಾಡಿರಬೇಕು!"

ಹೇಮಾವತಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸುಮ್ಮನೆ ಒಳಗೆ ಹೋಗಬಹುದಿತ್ತು. ಹೇಳಿದ ಹಾಗೂ ಆಯಿತು, ನೌಕರಿ ಉಳಿದ ಹಾಗೂ ಆಯಿತು. ಆ ಆಸೆಯೂ ಅವಳ ಮನಸ್ಸಿಗೆ ಬಂದು ಹೋಯಿತು, ಸುಳ್ಳೇಕೆ ಹೇಳಬೇಕು. ಆದರೆ ಮಾವನ ಹೊಗಳಿಕೆ ಕಿವಿಯಲ್ಲಿ ಸುಡುತ್ತಿತ್ತು. ಪಡಸಾಲೆಗೆ ಹೋಗಿ ಭಂಡಾರವನ್ನು ಮುಷ್ಟಿ ತುಂಬ ಹಿಡಿದು ಬಂದಳು.

"ಹುಲಿಗೆಮ್ಮನಾಣಿ ಮಾವಾರ. ಅತ್ತಿ ಮೊಣಕಾಲಿಗೆ ಹಚ್ಚಿದ್ರು, ಅವ ನನ್ನ ಮಾತು ಕೇಳಿ ಬಾಯಿಗೆ ಹಾಕ್ಕೊಂಡ. ನಿನ್ನಿ ಎಲ್ಲಾ ಗೊತ್ತಿದ್ದು ಸುಮ್ಮನಿದ್ದೆ."

ದ್ಯಾವಪ್ಪನ ಮುಖ ಬಾಡಿತು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಗುಡಿಯ ಕಡೆ ಹೊರಟವನು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ.

"ಊರಾಗ ಇನ್ನ ಯಾರ್‍ಯಾರಿಗೆ ಕೊಟ್ಟೀದಿ?"

ಅವಳು ಕೈ ಕೂಡ ತೊಳೆಯದೆ ಓಣಿಗಿಳಿದಳು. ಮೊದಲನೆಯದು ಅಮರಮ್ಮನ ಮನೆ. ಮುದುಕಿ ಇವಳನ್ನು ಕಂಡದ್ದೇ ಚಾಪೆ ಹಾಸಿದಳು.

"ಬಾರಬೇ ಡಾಕ್ಟರವ್ವಾ, ನೂರು ವರ್ಷ ಬಾಳು! ನಾ ಮೊಣಕಾಲಿಗೆ ಹಚ್ಚಲಿಲ್ಲ ನೋಡು. ಮೊಮ್ಮಗಳು ರಾತ್ರೆಲ್ಲಾ ಅಳತಿತ್ತು. ನೀ ಹೇಳಿದಂಗ ನಾಲಿಗಿಗೆ ಎರಡು ಹನಿ ಬಿಟ್ಟೆ. ಈಗ ಹಾಲಿಗೂ ಏಳಂಗಿಲ್ಲ, ಭಾಳ ಛಲೋ ಮಲಗತೈತಿ."

ಹೇಮಾವತಿ ತೊಟ್ಟಿಲಿಗೆ ಓಡಿದಳು. ಕೂಸು ಉಸಿರಾಡುತ್ತಿತ್ತು. ಎತ್ತಿಕೊಂಡು ಅಂಗಾಲು ತಟ್ಟಿದಳು, ಕೆನ್ನೆ ತಟ್ಟಿದಳು. ಎಷ್ಟೋ ಹೊತ್ತಿನ ಮೇಲೆ ಅದು ಅರೆಗಣ್ಣು ಬಿಟ್ಟು ಮತ್ತೆ ಮುಚ್ಚಿತು.

"ಯಾಕಬೇ, ಎಬ್ಬಸ್ತಿ? ಈಗರ ಮಲಗೈತಿ" ಎಂದಳು ಅಮರಮ್ಮ ನಗುತ್ತ.

"ಅಮರಮ್ಮಾ, ನಾ ಡಾಕ್ಟರ್ ಅಲ್ಲ" ಎಂದಳು ಹೇಮಾವತಿ. "ಕೂಸಿನ ಅವ್ವನ್ನ ಕರಿ. ಈಗಿಂದೀಗ ಗಂಗಾವತಿ ದವಾಖಾನಿಗೆ ಹೋಗಬೇಕು. ಅಲ್ಲಿ ನಾನಽ ಎಲ್ಲಾ ಹೇಳತೀನಿ."